ಇಂಗ್ಲಿಷ್ ಅರ್ಥ ಆಗುತ್ತೆ, ಇಂಟರ್‌ವ್ಯೂನಲ್ಲಿ ಮಾತ್ರ ಬಾಯಿಗೆ ಬರಲ್ಲ. ಅಭ್ಯಾಸ ಹೇಗೆ ಮಾಡೋದು?

ಮೌನಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ನಾನು ನಾಲ್ಕು ವರ್ಷದಿಂದ ಒಂದು ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಕೆಲಸ ಚೆನ್ನಾಗಿ ಗೊತ್ತು. ಇದಕ್ಕಿಂತ ದೊಡ್ಡ ಕಡೆ ಸೇರಬೇಕು ಅಂತ ಹೋದ ವಾರ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದರು. ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಸರಾಗವಾಗಿ ಹೇಳಿದೆ. ಎದುರಿಗಿದ್ದವರು ತಲೆ ಆಡಿಸಿದರು. ಆಮೇಲೆ, ಯಾವಾಗಲಾದರೂ ಸ್ಟಾಕ್ ತಾಳೆ ಆಗದಿದ್ದಾಗ ಏನು ಮಾಡಿದ್ರಿ, ಒಂದು ಉದಾಹರಣೆ ಕೊಡಿ ಅಂತ ಇಂಗ್ಲಿಷಿನಲ್ಲಿ ಕೇಳಿದರು.

ಪ್ರಶ್ನೆ ಪೂರ್ತಿ ಅರ್ಥ ಆಯಿತು. ಉತ್ತರವೂ ತಲೆಯಲ್ಲಿತ್ತು. ಎಲ್ಲರೂ ಮೆಚ್ಚಿಕೊಂಡ ಕೆಲಸ ಅದು. ಆದರೆ ಬಾಯಿಂದ ಬಂದದ್ದು ಇಷ್ಟೇ: "ಸರ್, ವನ್ ಟೈಮ್... ಸ್ಟಾಕ್ ಮಿಸ್ಟೇಕ್... ಐ ಫೈಂಡ್." ಅಲ್ಲಿಗೆ ನಿಂತುಹೋಯಿತು. ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತಾ ಕೂತೆ. ಅವರು ಸ್ವಲ್ಪ ಹೊತ್ತು ಕಾದು, "ಇಟ್ಸ್ ಓಕೆ" ಅಂದು ಮುಂದಿನ ಪ್ರಶ್ನೆಗೆ ಹೋದರು. ಕೆಲಸ ಸಿಗಲಿಲ್ಲ.

ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಗ್ರಾಮರ್ ಪುಸ್ತಕ ಎರಡು ಸಲ ಮುಗಿಸಿದ್ದೇನೆ. ಇಂಗ್ಲಿಷ್ ವಿಡಿಯೋಗಳನ್ನು ದಿನಾ ನೋಡುತ್ತೇನೆ. ಇನ್ನೂ ಏನು ಓದಬೇಕು? ದಿನಕ್ಕೆ ಒಂದು ಗಂಟೆ ಬಿಡುವು ಸಿಗುತ್ತೆ. ದಯವಿಟ್ಟು ದಾರಿ ಹೇಳಿ.

ಎರಡನೇ ಸಾಲು

ಮೌನಿಯವರೇ, ಆ ನೀರಿನ ಲೋಟ ನನಗೂ ಗೊತ್ತು. ನನಗೆ ಹೀಗಾಗಿ ಎರಡು ತಿಂಗಳಾಯಿತು. ಆಮೇಲೆ ಯಾವ ಕಡೆಗೂ ಅರ್ಜಿ ಹಾಕಿಲ್ಲ. ಯಾರಾದರೂ ಉತ್ತರ ಕೊಟ್ಟರೆ ನಾನೂ ಓದುತ್ತೇನೆ.

ಪಾಠದ ಮನೆ

ನಾನು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವವಳು. ಹದಿನೈದು ವರ್ಷದಿಂದ ಇದೇ ಕೆಲಸ. ನಿಮ್ಮಂಥವರನ್ನು ಪ್ರತಿ ಬ್ಯಾಚಿನಲ್ಲೂ ನೋಡಿದ್ದೇನೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ, ನೀವು ಇನ್ನು ಓದಬೇಕಾದ್ದು ಏನೂ ಇಲ್ಲ. ಮಾತಾಡಬೇಕಾದ್ದು ಬಾಕಿ ಇದೆ.

ಮೊದಲು ಒಂದು ಕೆಲಸ ಮಾಡಿ. ಆ ದಿನ ಹೇಳಲಾಗದ ಸ್ಟಾಕ್ ಕಥೆಯನ್ನು ಇಲ್ಲಿ ಕನ್ನಡದಲ್ಲಿ ಬರೆಯಿರಿ. ಪಕ್ಕದಲ್ಲಿ ಕೂತ ಗೆಳೆಯನಿಗೆ ಹೇಳುವ ಹಾಗೆ ಬರೆಯಿರಿ. ಆಮೇಲೆ ಮುಂದಿನದು ಹೇಳುತ್ತೇನೆ.

ಮೌನಿ

ಆಯ್ತು ಮೇಡಂ. ಒಂದು ದಿನ ರಿಜಿಸ್ಟರಿನಲ್ಲಿ 340 ಬಾಕ್ಸ್ ಅಂತ ಇತ್ತು. ರ್‍ಯಾಕಿನಲ್ಲಿ ಎಣಿಸಿದರೆ 304. ಯಾರೋ ಕದ್ದಿದ್ದಾರೆ ಅಂತ ಎಲ್ಲರೂ ಗಲಾಟೆ ಶುರು ಮಾಡಿದರು. ರಾತ್ರಿ ಕೆಲಸ ಮಾಡಿದ ಹುಡುಗನ ಮೇಲೆ ಅನುಮಾನ ಬಂತು. ಪಾಪ, ಅವನು ಅಳುವ ಹಾಗೆ ನಿಂತಿದ್ದ. ನಾನು ವ್ಯತ್ಯಾಸ ನೋಡಿದೆ, 36. ಒಂಬತ್ತರಿಂದ ಸರಿಯಾಗಿ ಭಾಗ ಆಗುತ್ತೆ. ಹಾಗಿದ್ದರೆ ಅಂಕಿ ಹಿಂದೆಮುಂದೆ ಆಗಿರಬಹುದು ಅನ್ನಿಸಿತು. ಮೂಲ ಬಿಲ್ ತೆಗೆಸಿ ನೋಡಿದರೆ ಅದರಲ್ಲಿ 304 ಅಂತಲೇ ಇತ್ತು. ಬರೆದುಕೊಳ್ಳುವಾಗ 340 ಆಗಿದೆ. ಕಳ್ಳತನ ಆಗಿರಲೇ ಇಲ್ಲ. ಅವತ್ತಿಂದ ಪ್ರತಿ ಎಂಟ್ರಿಯನ್ನು ಇಬ್ಬರು ನೋಡುವ ಹಾಗೆ ಮಾಡಿದೆವು.

ಹಳೇ ಲೆಕ್ಕಿಗ

ಮಧ್ಯೆ ಬಂದೆ, ಕ್ಷಮಿಸಿ. ಆ ಒಂಬತ್ತರ ಲೆಕ್ಕ ಕೇಳಿ ತುಂಬಾ ಖುಷಿ ಆಯಿತು. ಅಕ್ಕಪಕ್ಕದ ಎರಡು ಅಂಕಿ ಅದಲುಬದಲು ಆದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ಹಳೆಯ ಲೆಕ್ಕದವರು ಎಲ್ಲರೂ ಬಳಸುವ ಉಪಾಯ. ಇಷ್ಟು ಒಳ್ಳೆ ಉತ್ತರ ಜೇಬಿನಲ್ಲಿಟ್ಟುಕೊಂಡು ನೀವು ಸುಮ್ನೆ ಕೂರಬೇಕಾಯಿತಲ್ಲ, ಅದೇ ಸಂಕಟ.

ಪಾಠದ ಮನೆ

ನೋಡಿದ್ರಾ? ಒಬ್ಬ ಹುಡುಗನ ಮಾನ ಉಳಿಸಿದ ಕಥೆ ಇದು. "ಸ್ಟಾಕ್ ಮಿಸ್ಟೇಕ್, ಐ ಫೈಂಡ್" ಅನ್ನುವುದರಲ್ಲಿ ಅದು ಯಾರಿಗೂ ಕಾಣಲಿಲ್ಲ.

ಯಾಕೆ ಹೀಗಾಗುತ್ತೆ ಅಂದರೆ, ಕೇಳಿ ಅರ್ಥ ಮಾಡಿಕೊಳ್ಳುವುದು ಒಂದು ಅಭ್ಯಾಸ, ಮಾತಾಡುವುದು ಬೇರೆಯೇ ಅಭ್ಯಾಸ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠಗಳನ್ನು ಫ್ರೆಂಚಿನಲ್ಲೇ ಕಲಿಸುವ ಪದ್ಧತಿ ಇದೆ. ಮೆರಿಲ್ ಸ್ವೇನ್ ಅನ್ನುವ ಭಾಷಾತಜ್ಞೆ ಆ ಮಕ್ಕಳನ್ನು ಗಮನಿಸಿ 1985ರಲ್ಲಿ ಬರೆದರು. ವರ್ಷಗಟ್ಟಲೆ ಫ್ರೆಂಚ್ ಕೇಳಿದ್ದರಿಂದ ಮಕ್ಕಳಿಗೆ ಅರ್ಥ ಚೆನ್ನಾಗಿ ಆಗುತ್ತಿತ್ತು. ಮಾತಿನಲ್ಲಿ, ಬರಹದಲ್ಲಿ ಮಾತ್ರ ಹಿಂದೆ ಬಿದ್ದಿದ್ದರು. ತಾವೇ ವಾಕ್ಯ ಕಟ್ಟಬೇಕಾದ ಸಂದರ್ಭ ಅವರಿಗೆ ಸಾಕಷ್ಟು ಸಿಕ್ಕಿರಲಿಲ್ಲ ಅನ್ನುವುದು ಸ್ವೇನ್ ಅವರ ವಾದ. ನಿಮ್ಮ ವಿಡಿಯೋಗಳ ಕಥೆಯೂ ಅದೇ. ನೋಡುವಾಗ ನಿಮ್ಮ ನಾಲಿಗೆಗೆ ಕೆಲಸವೇ ಇಲ್ಲ.

ಇನ್ನೊಂದು ತೊಡಕು ವಾಕ್ಯದ ಕಟ್ಟಿನಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. "ನಾನು ಮೂಲ ಬಿಲ್ ತೆಗೆಸಿ ನೋಡಿದೆ." ನೋಡಿದೆ ಅನ್ನುವುದು ಕೊನೆಗೆ. ಇಂಗ್ಲಿಷಿನಲ್ಲಿ "ಐ" ಆದ ಕೂಡಲೇ "ಚೆಕ್ಡ್" ಬರಬೇಕು. ಕನ್ನಡದಲ್ಲಿ ಉದ್ದ ವಾಕ್ಯ ಯೋಚಿಸಿ ಅದನ್ನು ತಿರುಗಿಸಲು ಹೋದರೆ ಎರಡನೇ ಪದಕ್ಕೇ ಸಿಕ್ಕಿಹಾಕಿಕೊಳ್ಳುತ್ತೀರಿ. ಅದಕ್ಕೆ ಔಷಧ ಒಂದೇ, ವಾಕ್ಯ ಚಿಕ್ಕದು ಮಾಡಿ. ಯಾರು, ಏನು ಮಾಡಿದರು, ಏನನ್ನು. ಅಷ್ಟಕ್ಕೆ ನಿಲ್ಲಿಸಿ. ನಿಮ್ಮ ಕಥೆ ಹೀಗಾಗುತ್ತೆ:

"ದ ರಿಜಿಸ್ಟರ್ ಸೆಡ್ 340. ಐ ಕೌಂಟೆಡ್ 304. ಪೀಪಲ್ ಥಾಟ್ ಇಟ್ ವಾಸ್ ಥೆಫ್ಟ್. ಐ ಲುಕ್ಡ್ ಅಟ್ ದ ಡಿಫರೆನ್ಸ್. ಇಟ್ ವಾಸ್ 36. ಇಟ್ ಈಸ್ ಡಿವಿಸಿಬಲ್ ಬೈ 9. ಸೋ ಐ ಥಾಟ್ ಟೂ ಡಿಜಿಟ್ಸ್ ವರ್ ಸ್ವಾಪ್ಡ್. ಐ ಚೆಕ್ಡ್ ದ ಒರಿಜಿನಲ್ ಬಿಲ್. ಇಟ್ ಸೆಡ್ 304. ನಥಿಂಗ್ ವಾಸ್ ಸ್ಟೋಲನ್. ನೌ ಟೂ ಪೀಪಲ್ ಚೆಕ್ ಎವ್ರಿ ಎಂಟ್ರಿ."

ಇದರಲ್ಲಿ ನಿಮಗೆ ಗೊತ್ತಿಲ್ಲದ ಪದ ಯಾವುದಿದೆ ಹೇಳಿ. "ಡಿವಿಸಿಬಲ್" ಒಂದು ಇರಬಹುದು.

ಈಗ ಅಭ್ಯಾಸ. ಇದನ್ನು ಬಾಯಿಪಾಠ ಮಾಡಬೇಡಿ. ಹಾಳೆ ಮುಚ್ಚಿಟ್ಟು, ಗಡಿಯಾರ ಇಟ್ಟುಕೊಂಡು, ಯಾರಿಗಾದರೂ ನಾಲ್ಕು ನಿಮಿಷ ಹೇಳಿ. ಅದೇ ಕಥೆಯನ್ನು ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ. ಮಾತಾಡುವ ವೇಗ ಕಲಿಸಲು ಈ 4/3/2 ಕ್ರಮವನ್ನು ಮೇಷ್ಟ್ರುಗಳು 1980ರ ದಶಕದಿಂದ ಬಳಸುತ್ತಿದ್ದಾರೆ. ವಿಷಯ ಅದೇ ಇರುವುದರಿಂದ ಮೂರನೇ ಸಲ ಪದ ಹುಡುಕುವ ಕಷ್ಟ ಕಡಿಮೆ ಆಗಿ ನಾಲಿಗೆ ಓಡತೊಡಗುತ್ತೆ. ಕೇಳುವವರು ಬೇರೆಬೇರೆ ಇದ್ದರೆ ಒಳ್ಳೆಯದು, ಪ್ರತಿ ಸಲವೂ ನಿಜವಾಗಿ ಹೇಳಬೇಕು ಅನ್ನಿಸುತ್ತೆ. ಯಾರೂ ಇಲ್ಲದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಕಥೆ ಚಿಕ್ಕದು ಅನ್ನಿಸಿದರೆ 3, 2, 1 ನಿಮಿಷ ಇಟ್ಟುಕೊಳ್ಳಿ.

ಹಳೇ ಲೆಕ್ಕಿಗ

ಮೇಡಂ, ನಿಮ್ಮ ಮಾತಿಗೆ ಗೌರವ ಇದೆ. ಆದರೂ ಗ್ರಾಮರ್ ಬೇಡ ಅನ್ನುವ ಹಾಗೆ ಕೇಳಿಸುತ್ತಿದೆ. ನಾನು ಮೂವತ್ತು ವರ್ಷ ಆಫೀಸಿನಲ್ಲಿದ್ದೆ. "ಐ ಆಮ್ ಹ್ಯಾವಿಂಗ್ ಫೋರ್ ಇಯರ್ಸ್ ಎಕ್ಸ್‌ಪೀರಿಯನ್ಸ್", "ಮೈಸೆಲ್ಫ್ ಇಂಥವರು" ಅಂತ ಶುರು ಮಾಡಿದ ಕೂಡಲೇ ಎದುರಿನವರು ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಅದು ಸರಿಯಲ್ಲ, ಒಪ್ಪುತ್ತೇನೆ. ಆದರೆ ನಡೆಯುವುದು ಹಾಗೇ ಅಲ್ವಾ?

ಪಾಠದ ಮನೆ

ಗ್ರಾಮರ್ ಬೇಡ ಅನ್ನಲಿಲ್ಲ ಸರ್. ಪುಸ್ತಕದ ಮೊದಲ ಪುಟದಿಂದ ಬೇಡ ಅಂದೆ. ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಕೇಳಿದಾಗ ಯಾವ ತಪ್ಪು ಪದೇಪದೇ ಬರುತ್ತಿದೆಯೋ ಅದೊಂದನ್ನು ಹಿಡಿದು ತಿದ್ದಿಕೊಳ್ಳಬೇಕು. ನೀವು ಹೇಳಿದ ಎರಡೂ ಸರಿಯಾದ ಉದಾಹರಣೆ. ಇರುವುದನ್ನು ಹೇಳುವಾಗ "ಐ ಹ್ಯಾವ್", ಹೆಸರು ಹೇಳುವಾಗ "ಐ ಆಮ್". ಮುಗಿಯಿತು, ಒಂದು ವಾರ ಇವೆರಡನ್ನೇ ಗಮನಿಸಿ.

ಇಂಟರ್‌ವ್ಯೂಗೆ ಜಾಸ್ತಿ ಬೇಕಾಗುವುದು ಆಗಿಹೋದ ಕೆಲಸವನ್ನು ಹೇಳುವ ರೂಪ. ಮೌನಿಯವರು "ಫೈಂಡ್" ಅಂದಿದ್ದು "ಫೌಂಡ್" ಆಗಬೇಕಿತ್ತು. ಇಂಥ ವಕ್ರ ರೂಪಗಳು ನಿಮ್ಮ ಕೆಲಸದಲ್ಲಿ ಎಷ್ಟು ಬರುತ್ತವೆ, ಒಂದು ಇಪ್ಪತ್ತು ಇರಬಹುದು. ಫೌಂಡ್, ಸೆಂಟ್, ಟುಕ್, ಗೇವ್, ಕೆಪ್ಟ್, ಟೋಲ್ಡ್, ಬ್ರಾಟ್. ಉಳಿದವಕ್ಕೆ ಕೊನೆಗೆ "ಇಡಿ" ಸೇರುತ್ತೆ. ಅದನ್ನು ಉಚ್ಚರಿಸುವುದರಲ್ಲಿ ಮಾತ್ರ ಒಂದು ಸೂಕ್ಷ್ಮ ಇದೆ. "ಚೆಕ್ಡ್" ಬರೆದಿರುವುದು ಹಾಗಾದರೂ ಬಾಯಲ್ಲಿ "ಚೆಕ್ಟ್", ಒಂದೇ ಏಟಿಗೆ. "ಚೆಕ್ಕೆಡ್" ಅಲ್ಲ. ಪದ ಮೊದಲೇ ಟ ಅಥವಾ ಡ ಸದ್ದಿನಲ್ಲಿ ಮುಗಿದಿದ್ದರೆ ಮಾತ್ರ ಇನ್ನೊಂದು ಏಟು ಸೇರುತ್ತೆ. ಕೌಂಟ್, ಕೌಂಟೆಡ್. ಲೋಡ್, ಲೋಡೆಡ್.

ಪದಗಳ ಚಿಂತೆಯೂ ಬೇಡ. 2013ರಲ್ಲಿ ನ್ಯೂ ಜನರಲ್ ಸರ್ವಿಸ್ ಲಿಸ್ಟ್ ಅಂತ ಹೆಚ್ಚು ಬಳಕೆಯ ಇಂಗ್ಲಿಷ್ ಪದಗಳ ಒಂದು ಪಟ್ಟಿ ಬಂತು. ಅದರಲ್ಲಿರುವ ಸುಮಾರು 2,800 ಪದ ಗೊತ್ತಿದ್ದರೆ ಸಾಮಾನ್ಯ ಇಂಗ್ಲಿಷ್ ಬರಹದ ಶೇ. 90ಕ್ಕೂ ಹೆಚ್ಚು ಭಾಗ ಅದರಲ್ಲೇ ಮುಗಿಯುತ್ತೆ. ಅದರಲ್ಲಿ ಬಹುಪಾಲು ನಿಮಗೆ ಈಗಲೇ ಗೊತ್ತಿರುತ್ತೆ. ಅದರ ಮೇಲೆ ನಿಮ್ಮ ಕೆಲಸದ ಪದಗಳು ನೂರಿನ್ನೂರು. ಅವನ್ನಂತೂ ಕನ್ನಡದಲ್ಲೇ ಇಂಗ್ಲಿಷ್ ಹೆಸರಿನಿಂದ ಕರೆಯುತ್ತಿದ್ದೀರಿ.

ರಾತ್ರಿಪಾಳಿ

ಫೋನಿನಲ್ಲಿ ಮಾತಾಡುವ ಕೆಲಸ ನನ್ನದು, ಆರು ವರ್ಷ ಆಯಿತು. ಮೌನಿಯವರೇ, ಫೋನ್ ಇಂಟರ್‌ವ್ಯೂ ಬಂದರೆ ಅಂತ ಎರಡು ಮಾತು ಹೇಳುತ್ತೇನೆ. ಅಲ್ಲಿ ಮುಖ ಕಾಣಲ್ಲ, ತುಟಿ ಕಾಣಲ್ಲ. ಅದಕ್ಕೇ ಕಷ್ಟ ಜಾಸ್ತಿ.

ಮೊದಲನೆಯದು ಅಂಕಿ. ನೀವು ಸ್ಟಾಕ್ ಕೆಲಸದವರು, ಇದು ಬೇಕೇ ಬೇಕು. ಫಿಫ್ಟೀನ್ ಮತ್ತು ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಫಿಫ್ಟೀನ್‌ನಲ್ಲಿ ಒತ್ತು ಕೊನೆಗೆ, "ಟೀನ್" ಎಳೆಯಬೇಕು. ಫಿಫ್ಟಿಯಲ್ಲಿ ಒತ್ತು ಮೊದಲಿಗೆ. ಇಷ್ಟಾದರೂ ಅನುಮಾನ ಇದ್ದರೆ ಬಿಡಿಸಿ ಹೇಳಿ: "ಫಿಫ್ಟೀನ್, ವನ್ ಫೈವ್." ಹೊಸದರಲ್ಲಿ ನಾನು ಒಬ್ಬರಿಗೆ ಹದಿಮೂರು ಅನ್ನಲು ಹೋಗಿ ಮೂವತ್ತು ಅಂತ ಕೇಳಿಸಿಬಿಟ್ಟಿದ್ದೆ. ಅದನ್ನು ಸರಿಪಡಿಸಲು ಇನ್ನೂ ನಾಲ್ಕು ಕರೆ ಮಾಡಬೇಕಾಯಿತು. ಅವತ್ತಿಂದ ಅಂಕಿ ಬಿಡಿಸದೆ ಹೇಳುವುದೇ ಇಲ್ಲ.

ಎರಡನೆಯದು ಹೆಸರು, ಇಮೇಲ್ ವಿಳಾಸ. ಬಿ, ಡಿ, ಪಿ, ಟಿ ಎಲ್ಲವೂ ಫೋನಿನಲ್ಲಿ ಒಂದೇ. ವಿಮಾನ ಹಾರಿಸುವವರು 1956ರಿಂದ ಬಳಸುತ್ತಿರುವ ಅಕ್ಷರದ ಹೆಸರುಗಳಿವೆ: ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ ಅಂತ. ಪೂರ್ತಿ ಕಲಿಯಬೇಕಾಗಿಲ್ಲ. ನಿಮ್ಮ ಹೆಸರಿನಲ್ಲಿರುವ ಅಕ್ಷರಗಳಿಗೆ ಮಾತ್ರ ಕಲಿತು, "ಬಿ ಫಾರ್ ಬ್ರಾವೋ" ಅಂತ ನಿಲ್ಲಿಸಿ ನಿಲ್ಲಿಸಿ ಹೇಳುವ ಅಭ್ಯಾಸ ಮಾಡಿ.

ಮತ್ತೆ, ಕೇಳಿಸದಿದ್ದರೆ ಕೇಳಿ. "ಯೆಸ್ ಸರ್, ಯೆಸ್ ಸರ್" ಅಂತ ಹೋಗಬೇಡಿ. ಬರೀ "ವಾಟ್?" ಅಂದರೆ ಒರಟಾಗುತ್ತೆ. "ಸಾರಿ, ಐ ಡಿಡಂಟ್ ಕ್ಯಾಚ್ ದ ಲಾಸ್ಟ್ ಪಾರ್ಟ್" ಅನ್ನಿ. ಯಾವ ಭಾಗ ಕೇಳಿಸಲಿಲ್ಲ ಅಂತ ಹೇಳಿದರೆ ಅವರು ಅಷ್ಟನ್ನೇ ಇನ್ನೊಮ್ಮೆ ಹೇಳುತ್ತಾರೆ. ಈ ವಾಕ್ಯವನ್ನು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಯಾರೂ ಇವತ್ತಿನವರೆಗೆ ಬೇಜಾರು ಮಾಡಿಕೊಂಡಿಲ್ಲ.

ಎರಡನೇ ಸಾಲು

ಉಚ್ಚಾರದ ಮಾತು ಬಂತು, ಅದಕ್ಕೇ ಕೇಳುತ್ತೇನೆ. ನಾನು ಮಾತಾಡಿದರೆ ಕನ್ನಡದವಳು ಅಂತ ತಕ್ಷಣ ಗೊತ್ತಾಗುತ್ತೆ. ಆ ಧಾಟಿ ಬಿಡಿಸಿಕೊಳ್ಳಬೇಕಾ? ಹಣ ಕೊಟ್ಟು ಕಲಿಯಬೇಕಾ?

ರಾತ್ರಿಪಾಳಿ

ಬೇಡ ಅಕ್ಕ. ನನ್ನ ಜೊತೆ ಬೇರೆಬೇರೆ ದೇಶದವರು ಮಾತಾಡುತ್ತಾರೆ, ಪ್ರತಿಯೊಬ್ಬರದೂ ಒಂದೊಂದು ಧಾಟಿ. ಅರ್ಥ ಆದರೆ ಸಾಕು.

ಪಾಠದ ಮನೆ

ಧಾಟಿ ಇರಲಿ. ಎರಡು ವಿಷಯ ಮಾತ್ರ ತಿದ್ದಿಕೊಳ್ಳಿ, ಯಾಕೆಂದರೆ ಅವು ಅರ್ಥಕ್ಕೇ ಅಡ್ಡ ಬರುತ್ತವೆ.

ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಅದಕ್ಕೇ ಬಾಕ್ಸು, ಬಿಲ್ಲು, ರಿಪೋರ್ಟು. ಕನ್ನಡ ಮಾತಾಡುವಾಗ ಅದು ಚೆಂದ. ಇಂಗ್ಲಿಷ್ ಮಾತಾಡುವಾಗ ಆ ಕೊನೆಯ "ಉ" ಕತ್ತರಿಸಿ.

ಇನ್ನೊಂದು ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ. ಇಂಗ್ಲಿಷಿನಲ್ಲಿ ಒಂದು ಕಡೆ ಜೋರು, ಉಳಿದ ಕಡೆ ತೇಲಿಸುವುದು. "ರೆಕಾರ್ಡ್" ಅನ್ನುವ ದಾಖಲೆಗೆ ಒತ್ತು ಮೊದಲಿಗೆ. ದಾಖಲಿಸು ಅನ್ನುವ ಅರ್ಥದಲ್ಲಿ "ರಿಕಾರ್ಡ್", ಒತ್ತು ಕೊನೆಗೆ. "ಡೆವಲಪ್" ಅಂತ ನಾವು ಮೊದಲ ಅಕ್ಷರ ಒತ್ತುತ್ತೇವೆ, ಅದು "ಡಿವೆಲಪ್", ಒತ್ತು "ವೆ" ಮೇಲೆ. ಮೌನಿಯವರ "ಇನ್ವೆಂಟರಿ"ಗೆ ಒತ್ತು ಮೊದಲ "ಇನ್" ಮೇಲೆ. ದಿನಾ ಬಳಸುವ ಇಪ್ಪತ್ತು ಪದ ಬರೆದುಕೊಳ್ಳಿ. ಡಿಕ್ಷನರಿಯಲ್ಲಿ ಪದದ ಪಕ್ಕ ಉಚ್ಚಾರ ಕೊಟ್ಟಿರುತ್ತಾರೆ, ಒತ್ತು ಬೀಳುವ ಜಾಗಕ್ಕೆ ಮುಂಚೆ ಮೇಲೆ ಒಂದು ಚಿಕ್ಕ ಗೆರೆ ಇರುತ್ತೆ. ಅದನ್ನು ನೋಡಿ, ಸ್ಪೀಕರ್ ಗುರುತು ಒತ್ತಿ ಕೇಳಿ, ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿಕೊಂಡು ಹೇಳಿ. ನಗಬೇಡಿ, ಬೆರಳು ತಟ್ಟಿದರೆ ಒತ್ತು ಬೇಗ ಬರುತ್ತೆ. ನಾನು ಕಣ್ಣಾರೆ ನೋಡಿದ್ದೇನೆ.

ತೆರೆದ ಕಿಟಕಿ

ಇಷ್ಟು ದಿನ ಓದುತ್ತಿದ್ದೆ. ನಾನು ಮೇಜಿನ ಆ ಕಡೆ ಕೂರುವವಳು, ಇಂಟರ್‌ವ್ಯೂ ಮಾಡುವವಳು. ನನ್ನ ಅನುಭವ ಹೇಳುತ್ತೇನೆ, ಎಲ್ಲರೂ ಹೀಗೇ ಅಂತ ಅಲ್ಲ.

ಮೌನಕ್ಕೆ ನಾನು ಅಂಕ ಕಳೆಯುವುದಿಲ್ಲ. ಒಬ್ಬರು "ಲೆಟ್ ಮಿ ಥಿಂಕ್ ಫಾರ್ ಎ ಮೊಮೆಂಟ್" ಅಂದು ಐದು ಸೆಕೆಂಡ್ ಸುಮ್ಮನಾದರೆ, ಯೋಚಿಸಿ ಮಾತಾಡುವವರು ಅಂದುಕೊಳ್ಳುತ್ತೇನೆ. ಆ ವಾಕ್ಯ ಹೇಳದೆ ಅದೇ ಐದು ಸೆಕೆಂಡ್ ಲೋಟ ನೋಡಿದರೆ ಇವರಿಗೆ ಪ್ರಶ್ನೆ ಅರ್ಥ ಆಯಿತೋ ಇಲ್ಲವೋ ಅಂತ ನನಗೆ ಗೊತ್ತಾಗಲ್ಲ. ಮೌನಿಯವರೇ, ಅವರು ಮುಂದಿನ ಪ್ರಶ್ನೆಗೆ ಹೋದದ್ದು ನಿಮ್ಮನ್ನು ಮುಜುಗರದಿಂದ ಪಾರು ಮಾಡಲು ಇರಬಹುದು. ನಾನೂ ಹಾಗೆ ಮಾಡಿದ್ದೇನೆ. ಈಗ ಅನ್ನಿಸುತ್ತಿದೆ, ಇನ್ನೂ ಸ್ವಲ್ಪ ಕಾಯಬೇಕಿತ್ತು, ಪ್ರಶ್ನೆಯನ್ನು ಸಣ್ಣದು ಮಾಡಿ ಮತ್ತೆ ಕೇಳಬೇಕಿತ್ತು. ಎಷ್ಟು ಒಳ್ಳೆಯವರನ್ನು ಕಳೆದುಕೊಂಡಿದ್ದೇನೋ.

ಉದಾಹರಣೆ ಕೊಡಿ ಅಂತ ಕೇಳಿದಾಗ ನಾವು ಎದುರು ನೋಡುವುದು ನಾಲ್ಕು ಭಾಗ. ಸಿಚುವೇಷನ್, ಟಾಸ್ಕ್, ಆ್ಯಕ್ಷನ್, ರಿಸಲ್ಟ್. ನಾಲ್ಕರ ಮೊದಲ ಅಕ್ಷರ ಸೇರಿಸಿ ಸ್ಟಾರ್ ಅನ್ನುತ್ತಾರೆ. ಏನಾಗಿತ್ತು, ನಿಮ್ಮ ಪಾಲಿನ ಕೆಲಸ ಏನು, ನೀವು ಏನು ಮಾಡಿದ್ರಿ, ಕೊನೆಗೆ ಏನಾಯಿತು. ಹೆಚ್ಚಿನವರು ಮೊದಲ ಭಾಗದಲ್ಲೇ ಮುಳುಗಿಹೋಗುತ್ತಾರೆ. ಆಫೀಸು ಹೇಗಿತ್ತು, ಮ್ಯಾನೇಜರ್ ಯಾರು, ಎಲ್ಲ ಹೇಳಿ ಸುಸ್ತಾಗುತ್ತಾರೆ. ನನಗೆ ಬೇಕಾದ್ದು ಮೂರನೆಯದು. ಅಲ್ಲಿ ಸಮಯ ಕೊಡಿ.

ಒಂದು ವಿಷಯ ಕನ್ನಡದವರಿಗೇ ಹೇಳಬೇಕು. ನಾವು "ನಾನು ಮಾಡಿದೆ" ಅನ್ನಲು ಹಿಂಜರಿಯುತ್ತೇವೆ, "ಮಾಡಿದ್ವಿ" ಅನ್ನುತ್ತೇವೆ. ಇಂಟರ್‌ವ್ಯೂನಲ್ಲಿ ಎಲ್ಲ ಕಡೆ "ವಿ ಡಿಡ್, ವಿ ಚೆಕ್ಡ್" ಅಂದರೆ ನಿಮ್ಮ ಪಾಲು ಎಷ್ಟು ಅಂತ ನನಗೆ ಕಾಣುವುದಿಲ್ಲ. ಬಿಲ್ ತೆಗೆಸಿದ್ದು ನೀವು. ಹಾಗಾಗಿ "ಐ". ನಿಯಮ ಬದಲಿಸಿದ್ದು ಎಲ್ಲರೂ ಸೇರಿ. ಅಲ್ಲಿ "ವಿ". ನಿಜ ಇದ್ದ ಹಾಗೆ ಹೇಳುವುದು ಅಹಂಕಾರ ಅಲ್ಲ.

ಕೊನೆಗೆ "ನಿಮಗೇನಾದರೂ ಕೇಳುವುದಿದೆಯಾ" ಅಂತ ಕೇಳೇ ಕೇಳುತ್ತಾರೆ. "ನೋ ಸರ್" ಅನ್ನಬೇಡಿ. "ವಾಟ್ ವುಡ್ ಮೈ ಫಸ್ಟ್ ಮಂತ್ ಲುಕ್ ಲೈಕ್?" ಸಾಕು. ಉತ್ತರ ನಿಮಗೂ ಬೇಕಾದ್ದೇ.

ಮೌನಿ

ಕಣ್ಣಲ್ಲಿ ನೀರು ಬಂತು ಮೇಡಂ, ನಿಜವಾಗಿ. ಆ ಕಡೆ ಕೂತವರೂ ಹೀಗೆ ಯೋಚಿಸುತ್ತಾರೆ ಅಂತ ಗೊತ್ತಿರಲಿಲ್ಲ. ಇವತ್ತು ರಾತ್ರಿಯಿಂದಲೇ ಶುರು ಮಾಡುತ್ತೇನೆ.

ಹಳೇ ಲೆಕ್ಕಿಗ

ಇಂಟರ್‌ವ್ಯೂ ದಾಟಿದ ಮೇಲಿನ ಕಥೆಯನ್ನೂ ಹೇಳಿಬಿಡುತ್ತೇನೆ. ಕೆಲಸ ಸಿಕ್ಕ ಮೇಲೆ ಮೊದಲ ಪೆಟ್ಟು ಬೀಳುವುದು ಇಮೇಲಿನಲ್ಲಿ.

ಕನ್ನಡದಲ್ಲಿ "ಫೈಲ್ ಕಳಿಸಿ" ಅಂದರೆ ಮರ್ಯಾದೆ ಅದರಲ್ಲೇ ಇದೆ. "ಕಳಿಸು" ಬೇರೆ, "ಕಳಿಸಿ" ಬೇರೆ. ಅದನ್ನೇ "ಸೆಂಡ್ ದ ಫೈಲ್" ಅಂತ ಬರೆದರೆ ಆ ಮರ್ಯಾದೆ ದಾರಿಯಲ್ಲೇ ಉದುರಿಹೋಗುತ್ತೆ, ಅಪ್ಪಣೆ ಮಾತ್ರ ಉಳಿಯುತ್ತೆ. ನಾನು ಹೊಸದರಲ್ಲಿ ಹೀಗೇ ಬರೆಯುತ್ತಿದ್ದೆ. ಬೇರೆ ಊರಿನ ಕಚೇರಿಯ ಒಬ್ಬರು ನನ್ನನ್ನು ಗರ್ವಿಷ್ಠ ಅಂದುಕೊಂಡಿದ್ದರಂತೆ. ಎದುರಿಗೆ ಸಿಕ್ಕಾಗ ಅವರೇ ಹೇಳಿದರು. ಬಹಳ ದಿನ ಅದು ಮನಸ್ಸಿಗೆ ಚುಚ್ಚಿತು. ಇಂಗ್ಲಿಷಿನಲ್ಲಿ ಮರ್ಯಾದೆ ವಾಕ್ಯದ ಮುಂದೆ ಬರುತ್ತೆ. "ಕುಡ್ ಯು ಪ್ಲೀಸ್ ಸೆಂಡ್ ದ ಫೈಲ್ ಬೈ ಫ್ರೈಡೇ?" ದಿನ ಹೇಳಿದ್ದರಿಂದ ಅವರಿಗೂ ಸಲೀಸು.

"ಪ್ಲೀಸ್ ಡೂ ದ ನೀಡ್‌ಫುಲ್" ಬಿಟ್ಟುಬಿಡಿ. ಏನು ಮಾಡಬೇಕು, ಯಾವಾಗ ಅಂತ ನೇರವಾಗಿ ಬರೆಯಿರಿ. ಹಾಗೇ, ಪ್ರಶ್ನೆ ಇದ್ದಾಗ "ಐ ಹ್ಯಾವ್ ಎ ಡೌಟ್" ಅನ್ನುವುದು ನಮ್ಮಲ್ಲಿ ರೂಢಿ. ಹೊರಗಿನವರಿಗೆ ನೀವು ಅವರ ಮಾತು ನಂಬುತ್ತಿಲ್ಲ ಅಂತ ಕೇಳಿಸುತ್ತೆ. "ಐ ಹ್ಯಾವ್ ಎ ಕ್ವೆಶ್ಚನ್" ಅನ್ನಿ.

ರಾತ್ರಿಪಾಳಿ

ಸರ್ ಹೇಳಿದ್ದಕ್ಕೆ ಇದನ್ನೂ ಸೇರಿಸಿಕೊಳ್ಳಿ. "ಯೂ ಹ್ಯಾವಂಟ್ ಸೆಂಟ್ ದ ರಿಪೋರ್ಟ್?" ಅಂತ ಮ್ಯಾನೇಜರ್ ಕೇಳಿದರು. ಕಳಿಸಿರಲಿಲ್ಲ. ಕನ್ನಡದಲ್ಲಿ "ಕಳಿಸಿಲ್ವಾ?" ಅಂದರೆ "ಹೌದು, ಕಳಿಸಿಲ್ಲ" ಅನ್ನುತ್ತೇವಲ್ಲ, ಹಾಗೇ "ಯೆಸ್" ಅಂದೆ. ಅವರು ಕಳಿಸಿದ್ದೇನೆ ಅಂದುಕೊಂಡು ಮೀಟಿಂಗಿಗೆ ಹೋದರು. ಅಲ್ಲಿ ರಿಪೋರ್ಟ್ ಇಲ್ಲ. ತಪ್ಪು ಯಾರದು ಅಂತ ಅರ್ಧ ದಿನ ಹೋಯಿತು. ಇಂಗ್ಲಿಷಿನಲ್ಲಿ ಕೆಲಸ ಆಗಿಲ್ಲ ಅಂದರೆ "ನೋ". ಬರೀ ಯೆಸ್, ನೋಗೆ ನಿಲ್ಲಿಸದೆ ಪೂರ್ತಿ ಹೇಳಿ: "ನೋ, ಐ ಹ್ಯಾವಂಟ್ ಸೆಂಟ್ ಇಟ್ ಯೆಟ್."

ಎರಡನೇ ಸಾಲು

ಅಯ್ಯೋ, ಇದು ನನಗೂ ಆಗಿದೆ! ಯಾಕೆ ಅಂತ ಇವತ್ತು ಗೊತ್ತಾಯಿತು.

ಇನ್ನೊಂದು ಕೇಳಲಾ? ಮನೆಯಲ್ಲಿ ಇಂಗ್ಲಿಷ್ ಮಾತಾಡಲು ಯಾರೂ ಇಲ್ಲ. ಮಾತಾಡುವ ಎಐ ಆ್ಯಪ್‌ಗಳ ಜೊತೆ ಅಭ್ಯಾಸ ಮಾಡಬಹುದಾ?

ತೆರೆದ ಕಿಟಕಿ

ಮಾಡಬಹುದು. ತಪ್ಪಿದರೆ ನೋಡುವವರು ಯಾರೂ ಇಲ್ಲ, ಮೊದಲ ಹೆದರಿಕೆ ಅಲ್ಲೇ ಕಳೆಯುತ್ತೆ. ಆದರೆ ಉತ್ತರ ಬರೆದುಕೊಡು ಅಂತ ಅದನ್ನು ಕೇಳಬೇಡಿ. ನೀನು ಇಂಟರ್‌ವ್ಯೂ ಮಾಡುವವನು, ಒಂದೊಂದೇ ಪ್ರಶ್ನೆ ಕೇಳು, ನನ್ನ ಉತ್ತರದ ಮೇಲೆ ಮರುಪ್ರಶ್ನೆ ಹಾಕು ಅನ್ನಿ. ಅದು ಬರೆದುಕೊಟ್ಟ ಉತ್ತರ ಒಪ್ಪಿಸುವವರನ್ನು ಈಗ ವಾರಕ್ಕೆ ನಾಲ್ಕು ಜನ ನೋಡುತ್ತೇನೆ. ಮೊದಲ ಮರುಪ್ರಶ್ನೆಗೇ ಮಾತು ನಿಲ್ಲುತ್ತೆ. ಮತ್ತೆ, ಅದಕ್ಕೆ ಹೇಳಿ ಹೇಳಿ ಅಭ್ಯಾಸ ಆದ ಮೇಲೆ ಮನುಷ್ಯರ ಮುಂದೆ ಹೇಳಿ. ಇನ್ನೊಬ್ಬರ ಕಣ್ಣು ನೋಡುತ್ತಾ ಮಾತಾಡುವುದು ಬೇರೆಯೇ.

ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಹತ್ತಿರದಲ್ಲಿದ್ದರೆ ಅತಿಥಿಯಾಗಿ ಒಮ್ಮೆ ಹೋಗಿ ಕೂತು ನೋಡಿ. ಜನರ ಮುಂದೆ ಮಾತಾಡುವುದನ್ನು ಅಭ್ಯಾಸ ಮಾಡಲು 1924ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಟೇಬಲ್ ಟಾಪಿಕ್ಸ್ ಅಂತ ಒಂದು ಭಾಗ ಇದೆ. ಸ್ಥಳದಲ್ಲೇ ವಿಷಯ ಕೊಡುತ್ತಾರೆ, ಒಂದೆರಡು ನಿಮಿಷ ಮಾತಾಡಬೇಕು. ಮಾತಿನ ನಡುವೆ ಎಷ್ಟು ಸಲ "ಆ... ಮ್..." ಅಂದಿರಿ ಅಂತ ಎಣಿಸಲು ಒಬ್ಬರನ್ನು ಇಟ್ಟಿರುತ್ತಾರೆ. ಇಂಟರ್‌ವ್ಯೂಗೆ ಅದಕ್ಕಿಂತ ಹತ್ತಿರದ ಅಭ್ಯಾಸ ನಾನು ಕಂಡಿಲ್ಲ.

ಮೌನಿ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಮೊದಲ ದಿನ ರೆಕಾರ್ಡ್ ಮಾಡಿದ್ದು ಕೇಳಲು ಆಗಲಿಲ್ಲ, ಅರ್ಧಕ್ಕೆ ನಿಲ್ಲಿಸಿದೆ. ಮರುದಿನ ಕೇಳಿದೆ. ಒಂದೂವರೆ ನಿಮಿಷದಲ್ಲಿ "ಆ್ಯಕ್ಚುವಲಿ" ಹನ್ನೊಂದು ಸಲ ಇತ್ತು. "ಚೆಕ್ಕೆಡ್" ಅಂತಲೇ ಹೇಳುತ್ತಿದ್ದೆ. ಒಂಬತ್ತರ ಭಾಗ ಬಂದಾಗ ಪ್ರತಿ ಸಲವೂ ತಡವರಿಸುತ್ತಿದ್ದೆ. "ಡಿವಿಸಿಬಲ್" ಬಿಟ್ಟು "ನೈನ್ ಟೈಮ್ಸ್ ಫೋರ್ ಈಸ್ ಥರ್ಟಿ ಸಿಕ್ಸ್" ಅಂತ ಹೇಳಿಕೊಂಡೆ, ಆಮೇಲೆ ಅಲ್ಲಿ ನಿಲ್ಲಲಿಲ್ಲ.

ಆರನೇ ದಿನ ಒಂದು ವಿಷಯ ಆಯಿತು. ಎರಡನೇ ಸುತ್ತು ಹೇಳುವಾಗ, ಹಾಳೆಯಲ್ಲಿ ಇಲ್ಲದ ವಾಕ್ಯ ತಾನಾಗಿ ಬಂತು: "ದ ಬಾಯ್ ವಾಸ್ ಅಬೌಟ್ ಟು ಕ್ರೈ." ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಎಲ್ಲೋ ಕೇಳಿದ್ದು ಬಾಯಿಗೆ ಬಂತು. ರೆಕಾರ್ಡಿಂಗಿನಲ್ಲಿ ಆಮೇಲೆ ಎರಡು ಸೆಕೆಂಡ್ ನಾನು ಸುಮ್ಮನಾದದ್ದು ಕೇಳುತ್ತೆ. ಆಶ್ಚರ್ಯ ಆಗಿ ನಿಂತಿದ್ದೆ.

ಈಗ ಒಟ್ಟು ಐದು ಕಥೆ ಮಾಡಿಕೊಂಡಿದ್ದೇನೆ. ತಪ್ಪು ಮಾಡಿ ತಿದ್ದಿಕೊಂಡದ್ದು, ಜಗಳ ಬಗೆಹರಿಸಿದ್ದು, ಹೊಸಬರಿಗೆ ಕಲಿಸಿದ್ದು, ಗಡುವಿನೊಳಗೆ ಕೆಲಸ ಮುಗಿಸಿದ್ದು, ಮತ್ತೆ ಈ 36. ಯಾವ ಪ್ರಶ್ನೆ ಬಂದರೂ ಇವುಗಳಲ್ಲಿ ಒಂದು ಹೊಂದುತ್ತೆ ಅನ್ನಿಸುತ್ತಿದೆ.

ಪಾಠದ ಮನೆ

ಆ ಹುಡುಗನ ವಾಕ್ಯ ಓದಿ ಎದ್ದು ನಿಂತೆ. ಇಷ್ಟು ವರ್ಷ ಕೇಳಿದ್ದೆಲ್ಲ ಒಳಗೇ ಇತ್ತು, ಈಗ ದಾರಿ ಸಿಕ್ಕಿದೆ. ದಿನಾ ಹೇಳುವುದನ್ನು ಬಿಡಬೇಡಿ. ಐದು ಕಥೆ ಒಟ್ಟಿಗೆ ಬೇಡ, ದಿನಕ್ಕೊಂದು ಸಾಕು.

ಮೌನಿ

ನಿನ್ನೆ ಇಂಟರ್‌ವ್ಯೂ ಇತ್ತು. ಬೇರೆ ಕಂಪನಿ. ಫೋನಿನಲ್ಲಿ, ಇಪ್ಪತ್ತೈದು ನಿಮಿಷ.

ಎರಡು ಸಲ "ಐ ಡಿಡಂಟ್ ಕ್ಯಾಚ್ ದ ಲಾಸ್ಟ್ ಪಾರ್ಟ್" ಅಂದೆ. ಒಂದು ಸಲ ಯೋಚಿಸಲು ಸಮಯ ಕೇಳಿದೆ. ಸಂಬಳದ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡಲಿಲ್ಲ, ಅದಕ್ಕೆ ತಯಾರಿ ಇರಲಿಲ್ಲ. 36ರ ಕಥೆ ಹೇಳಿದೆ. "ನೈನ್ ಟೈಮ್ಸ್ ಫೋರ್" ಅಂದ ಕೂಡಲೇ ಆ ಕಡೆಯವರು "ಓ, ವೆರಿ ನೈಸ್" ಅಂದು, ಇದನ್ನು ಎಲ್ಲಿ ಕಲಿತಿರಿ ಅಂತ ಕೇಳಿದರು. ಮರುಪ್ರಶ್ನೆ! ಹಳೆಯ ಲೆಕ್ಕದ ಮೇಷ್ಟ್ರೊಬ್ಬರು ಹೇಳಿಕೊಟ್ಟದ್ದು ಅಂತ ಇಂಗ್ಲಿಷಿನಲ್ಲೇ ಹೇಳಿದೆ. ಗ್ರಾಮರ್ ಹೇಗಿತ್ತೋ ನೆನಪಿಲ್ಲ. ಹೇಳಿ ಮುಗಿಸಿದೆ ಅನ್ನುವುದು ನೆನಪಿದೆ.

ಎರಡನೇ ಸುತ್ತಿಗೆ ಕರೆದಿದ್ದಾರೆ. ಮುಂದಿನ ಗುರುವಾರ, ವಿಡಿಯೋ ಕಾಲ್, ಮೂರು ಜನ ಇರುತ್ತಾರಂತೆ. ಅಷ್ಟರೊಳಗೆ ಮನುಷ್ಯರ ಮುಂದೆ ಒಂದೆರಡು ಸಲ ಹೇಳಿನೋಡಬೇಕು. ಯಾರಾದರೂ ಅರ್ಧ ಗಂಟೆ ಸಮಯ ಕೊಡುತ್ತೀರಾ?

ಹಳೇ ಲೆಕ್ಕಿಗ

ಸಂಬಳದ ಪ್ರಶ್ನೆ ನಾನು ಕೇಳುತ್ತೇನೆ, ಬನ್ನಿ. ಗಟ್ಟಿಯಾಗಿ ಕೇಳುತ್ತೇನೆ.

ಎರಡನೇ ಸಾಲು

ನಾನೂ ಬರುತ್ತೇನೆ. ನಾಳೆ ರಾತ್ರಿ ಒಂಬತ್ತಕ್ಕೆ ಆಗುತ್ತಾ? ಮೊದಲ ಅರ್ಧ ಗಂಟೆ ನಿಮ್ಮದು. ಆಮೇಲೆ ನನ್ನ ಒಂದು ಕಥೆ ಇದೆ, ನಾಲ್ಕು ನಿಮಿಷದ್ದು. ಇನ್ನೂ ಯಾರಿಗೂ ಹೇಳಿಲ್ಲ.